ಬರುವಾಗಿನ ಭಾರ

ನ್ಯೂಜಿಲೆಂಡಿನ ಪಶ್ಚಿಮ ತೀರದಲ್ಲಿ ಕೆಂಜಿಂಕೆ ಬೇಟೆಗೆ ಬೆನ್ನುಚೀಲ ಬೇಕೆಂದರೆ ನೋಲೀನಳ ಅಂಗಡಿಗೇ ಹೋಗಬೇಕು. ಹೋದವರು ಯಾರೂ ಬೆವರದೆ ಹೊರಗೆ ಬಂದದ್ದಿಲ್ಲ. ಚೀಲಕ್ಕೆ ಜೇಬೆಷ್ಟು ಎಂದು ಕೇಳಿದರೆ ಸಾಕು, "ಜೇಬಲ್ಲಿ ಜಿಂಕೆ ತರ್ತೀಯೇನೋ?" ಎಂದು ಗದರುತ್ತಾಳೆ. ಗಿರಾಕಿ ಮೆಚ್ಚಿದ ಚೀಲಕ್ಕೆ ನಲವತ್ತು ಕಿಲೋ ಮರಳು ತುಂಬಿ, ಅವನ ಬೆನ್ನಿಗೇರಿಸಿ, ಅಂಗಡಿಯ ಹಿಂದಿನ ಗುಡ್ಡ ಹತ್ತಿಸಿ ಇಳಿಸುತ್ತಾಳೆ. "ಹೋಗೋವಾಗ ಎಲ್ಲಾ ಚೀಲನೂ ಹಗುರಾನೇ ಕಣೋ, ಬರೋವಾಗಿನ ಮಾತಾಡು" ಎನ್ನುವುದು ಅವಳ ಮಂತ್ರ. ಊರಿನ ಪಾದ್ರಿಯನ್ನೂ ಅವಳು ಬಿಟ್ಟಿಲ್ಲ. ಆತ ಅರ್ಧ ಗುಡ್ಡದಲ್ಲಿ ಕುಳಿತು ದೇವರನ್ನು ನೆನೆದದ್ದನ್ನು ಊರು ಇನ್ನೂ ಆಡಿಕೊಳ್ಳುತ್ತದೆ. ಅಷ್ಟಕ್ಕೇ ವ್ಯಾಪಾರ ಮುಗಿಯುವುದಿಲ್ಲ. ಕೊನೆಗೆ ಕಣ್ಣು ಮುಚ್ಚಿಸಿ, "ಹೊಳೆ ಎಳೀತಾ ಇದೆ, ಬಕಲ್ ಬಿಚ್ಚು!" ಎಂದು ಕೂಗುತ್ತಾಳೆ. ಸೊಂಟದ ಪಟ್ಟಿ ಒಂದೇ ಕೈಗೆ, ಒಂದೇ ಉಸಿರಿಗೆ ಕಳಚಿಕೊಳ್ಳದಿದ್ದರೆ ಎಷ್ಟು ಗೋಗರೆದರೂ ಆ ಚೀಲ ಕೊಡುವುದಿಲ್ಲ. ಮೊನ್ನೆ ಟ್ರಕ್ ಓಡಿಸುವ ರಾಪಾತಾ ಮೂರು ಚೀಲದಲ್ಲಿ ಸೋತು, ರೇಗಿ, ಗಲ್ಲಾದ ಮೇಲೆ ತೂಗುತ್ತಿದ್ದ ಹಳೆಯ ಹಸಿರು ಚೀಲಕ್ಕೆ ಕೈಹಾಕಿದ. "ಇದನ್ನಾದ್ರೂ ಕೊಡಕ್ಕಾ, ಎಷ್ಟೊಂದು ಜೇಬಿದೆ!" ಎಂದವನು ಅಲ್ಲಿಯೇ ನಿಂತುಬಿಟ್ಟ. ಅದರ ಹೆಗಲಿನ ಪಟ್ಟಿ, ಸೊಂಟದ ಪಟ್ಟಿ ಎಲ್ಲವನ್ನೂ ಯಾರೋ ಚಾಕುವಿನಿಂದ ಕೊಯ್ದಿದ್ದರು. ಬಕಲ್ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು. "ನನ್ನ ಗಂಡಂದು. ಹೊಳೆಯಿಂದ ಎತ್ತಿದೋರು ಕೊಯ್ದಿದ್ದು" ಎಂದಳು ನೋಲೀನ್, ನಾಲ್ಕನೆಯ ಚೀಲಕ್ಕೆ ಮರಳು ತುಂಬುತ್ತಲೇ. "ನಾನೇ ಆರಿಸಿಕೊಟ್ಟಿದ್ದೆ. ಜೇಬು ಜಾಸ್ತಿ ಇದೆ ಅಂತ."