ಬಚ್ಚಲ ಒಲೆಗೆ ಹಾಕಿದ ಎಂಟು ಗುಳಿಗೆ

ವಿಜಯಾ, ಆ ಗುಳಿಗೆ ಡಬ್ಬಿಯನ್ನು ನೀನು ಕಳೆಯಲಿಲ್ಲ. ಅದು ಅಮೆರಿಕಕ್ಕೆ, ಪ್ಲೇನ್‌ಫೀಲ್ಡಿನ ನಿಮ್ಮ ಮನೆಗೆ, ವಾಪಸು ಬಂದೇ ಇರಲಿಲ್ಲ. ರಾಯಚೂರಿನಲ್ಲಿ ನಮ್ಮ ಚಿಕ್ಕಮ್ಮ ಕಾಕುವಿನ ಮನೆಯ ಬಚ್ಚಲ ಒಲೆಗೆ ನಾನೇ ಹಾಕಿದ್ದೆ — ಎಂಟೂ ಗುಳಿಗೆ, ಡಬ್ಬಿ ಸಮೇತ. ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಮನೆಯಲ್ಲಿ ಉಂಡಿದ್ದೇನೆ, ನಿನ್ನ ಕೈಯಿಂದ ಅರಿಸಿನ ಕುಂಕುಮ ತೆಗೆದುಕೊಂಡಿದ್ದೇನೆ, ಗಂಡನ ಅಕ್ಕ ಅಂತ ನೀನು ಕೊಟ್ಟ ಮರ್ಯಾದೆಯನ್ನೆಲ್ಲ ಇಸಿದುಕೊಂಡಿದ್ದೇನೆ.

ಕ್ಷಮೆ ಕೇಳಲಿಕ್ಕೆ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅತ್ತು ಕರೆದು ನಿನ್ನ ಮನಸ್ಸು ಕರಗಿಸುವ ಕೆಲಸ ನನ್ನಿಂದ ಆಗುವುದಿಲ್ಲ. ನಡೆದದ್ದು ನಡೆದ ಹಾಗೆ ನಿನಗೆ ಗೊತ್ತಾಗಬೇಕು, ಅಷ್ಟೇ.

ತೊಂಬತ್ತೊಂಬತ್ತರ ಜುಲೈ. ಅನಘಾಗೆ ಒಂಬತ್ತು ವರ್ಷ. ನಿನಗೂ ಶ್ರೀಧರನಿಗೂ ರಜೆ ಸಿಗಲಿಲ್ಲ, ನಾನು ವಿಕ್ಸಮ್‌ನ ಫ್ಯಾಕ್ಟರಿಯಲ್ಲಿ ನಾಲ್ಕು ವಾರ ರಜೆ ಬರೆದು ಅವಳನ್ನು ಊರಿಗೆ ಕರೆದುಕೊಂಡು ಹೋದೆ. ಮಕ್ಕಳಿಲ್ಲದ ನನಗೆ ಆ ನಾಲ್ಕು ವಾರ — ಇರಲಿ, ಅದನ್ನು ಇಲ್ಲಿ ತರಬಾರದು. ಹೊರಡುವ ಮುಂಚೆ ನೀನು ಕ್ಲಿನಿಕ್ಕಿಗೆ ಹೋಗಿ ಮಲೇರಿಯಾ ಗುಳಿಗೆ ಬರೆಸಿಕೊಂಡು ಬಂದೆ. ವಾರಕ್ಕೊಂದು ಗುಳಿಗೆ, ಮೊದಲ ಎರಡು ನೀನೇ ಅವಳಿಗೆ ಕೊಟ್ಟಿದ್ದೆ. ಉಳಿದ ಎಂಟು ನನ್ನ ಕೈಗೆ ಕೊಟ್ಟು, "ಅಕ್ಕ, ಅಲ್ಲಿ ನಾಲ್ಕು ವಾರ, ಬಂದ ಮೇಲೆ ಇಲ್ಲಿ ನಾಲ್ಕು ವಾರ. ಒಂದೂ ತಪ್ಪಬಾರದಂತೆ. ಕುದಿಸಿದ ನೀರೇ ಕೊಡಿ, ಪ್ಲೀಸ್," ಅಂದೆ. ನೀನು ಮೈಸೂರಿನವಳು. ನಮ್ಮ ಊರಿನ ಬಗ್ಗೆ ಹಾಗೆ ಹೇಳಿದೆಯಲ್ಲಾ ಅಂತ ನನಗೆ ಮೈ ಉರಿಯಿತು. ಆ ನೀರು ಕುಡಿದೇ ಅಲ್ಲವೇ ನಿನ್ನ ಗಂಡ ಆರಡಿ ಬೆಳೆದದ್ದು ಅಂತ ಬಾಯಿಗೆ ಬಂದಿತ್ತು. ತಡೆದುಕೊಂಡೆ.

ಊರಿಗೆ ಹೋದೆವು. ಬಿಸಿಲಿಂದ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ, ನಿನಗೆ ಗೊತ್ತು. ಕಾಕು ಹಿತ್ತಾಳೆ ತಂಬಿಗೆ ಹಿಡಿದು ಬಂದಳು. ಅನಘಾ ಕೈ ಹಿಂದಕ್ಕೆ ಕಟ್ಟಿಕೊಂಡು, "ಮಾಮ್ ಸೆಡ್ ನೋ," ಅಂದಳು. ಕಾಕುಗೆ ಇಂಗ್ಲಿಷ್ ಬರದಿದ್ದರೂ ಅರ್ಥವಾಯಿತು. ಮನೆಯವರೆಲ್ಲ ನಿಂತಿದ್ದರು. ಕಾಕುವಿನ ಮುಖ ಸಣ್ಣದಾಯಿತು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಕಾಕುವಿನ ಮುಖ ಒಂದೇ — ಮಗು ಕಾಣಲಿಲ್ಲ. ತಂಬಿಗೆ ಇಸಿದುಕೊಂಡು ನಾನೇ ಅವಳಿಗೆ ಕುಡಿಸಿದೆ.

ಆ ನೀರು ಎಂಥದ್ದು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಳ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಪೈಪು ಗಟಾರದ ಒಳಗೇ ಹಾದುಹೋಗಿತ್ತು, ಮೊದಲ ಎರಡು ಕೊಡ ಕೆಂಪಗೆ ಬರುತ್ತಿತ್ತು. ತೊಟ್ಟಿಯಲ್ಲಿ ತುಂಬಿಟ್ಟ ನೀರಲ್ಲಿ ಸೊಳ್ಳೆಯ ಹುಳು ಕುಣಿಯುತ್ತಿದ್ದವು, ಕಾಕು ಅದನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಒಳಕೋಣೆಯಲ್ಲಿ ಕಾಕುವಿನ ಮೊಮ್ಮಗಳು ಸುಮಾ ಕೌದಿ ಹೊದ್ದು ನಡುಗುತ್ತಿದ್ದಳು. ಚಳಿಜ್ವರ, ವಾರದಲ್ಲಿ ಹೋಗ್ತದ, ಅಂದರು. ಇಷ್ಟನ್ನೂ ನೋಡಿ ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

ಮೊದಲ ರವಿವಾರ ಡಬ್ಬಿ ತೆಗೆದೆ. "ಏನವಾ ಅದು?" ಅಂತ ಕಾಕು ಕೇಳಿದಳು. ನಿಮ್ಮ ಮನೆಗೆ ಬಂದರೆ ಬರುವ ರೋಗಕ್ಕೆ ಗುಳಿಗೆ ಅಂತ ಹೇಳಲು ನಾಲಿಗೆ ಹೊರಳಲಿಲ್ಲ. ಟಾನಿಕ್ಕು ಅಂದುಬಿಟ್ಟೆ. ಆಮೇಲೆ ಹಿತ್ತಿಲಿಗೆ ಹೋದೆ. ಬಚ್ಚಲ ಒಲೆ ಉರಿಯುತ್ತಿತ್ತು. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬಂದಾಗ ಏನೋ ಗೆದ್ದ ಹಾಗೆ ಅನ್ನಿಸಿತು ನನಗೆ. ಹೌದು, ಗೆದ್ದ ಹಾಗೆ. ಸುಳ್ಳು ಬರೆಯುವುದಿಲ್ಲ.

ವಾಪಸು ಬಂದ ದಿನ ನೀನು ಕೇಳಿದ್ದೇ ಅದನ್ನು — ಉಳಿದ ನಾಲ್ಕು ಗುಳಿಗೆ ಎಲ್ಲಿ ಅಂತ. "ಪೆಟ್ಟಿಗೆಯ ಪಕ್ಕದ ಜೇಬಿನಲ್ಲಿ ಇಟ್ಟೀನಲ್ಲ," ಅಂದೆ. ಯೋಚಿಸಲೂ ಇಲ್ಲ, ಸುಳ್ಳು ತಾನೇ ಬಂತು. ನೀನು ಪೆಟ್ಟಿಗೆ ಎರಡು ಸಲ ಕೊಡವಿದೆ. ಗರಾಜಿನಲ್ಲಿ ಕಸದ ಚೀಲ ಬಿಚ್ಚಿ ಹುಡುಕಿದೆ. "ನಾನೇ ಎಲ್ಲೋ ಎಸೆದುಬಿಟ್ಟೆ ಅನ್ಸುತ್ತೆ ಅಕ್ಕ," ಅಂದೆ ನೀನು, ತಪ್ಪು ಮಾಡಿದವಳ ಮುಖ ಮಾಡಿಕೊಂಡು. ನಾನು — ನಾನು ಹೂಂ ಅಂದೆ.

ಹೊಸ ಗುಳಿಗೆ ಬರೆಸಲು ಕ್ಲಿನಿಕ್ಕಿನಲ್ಲಿ ಎರಡು ವಾರದ ಆಚೆಯ ದಿನ ಸಿಕ್ಕಿತ್ತು; ಅಷ್ಟರೊಳಗೆ, ಹತ್ತು ದಿನಕ್ಕೇ ಅನಘಾಗೆ ಜ್ವರ ಬಂತು. ಕ್ಲಿನಿಕ್ಕಿನಿಂದ ನೀನು ವಿಕ್ಸಮ್‌ಗೆ ಫೋನ್ ಮಾಡಿದೆ. "ಡಾಕ್ಟರ್ ಕೇಳ್ತಿದಾರೆ ಅಕ್ಕ, ಊರಲ್ಲಿ ಗುಳಿಗೆ ತಪ್ಪದೆ ಕೊಟ್ರಿ ತಾನೆ?" ಆಗ ಹೇಳಬಹುದಿತ್ತು. ಒಂದೇ ಮಾತು. ಹೇಳಿದ್ದರೆ ಆ ಮಧ್ಯಾಹ್ನವೇ ರಕ್ತ ನೋಡುತ್ತಿದ್ದರು. ನಾನು ಹೇಳಿದ್ದು: "ಪ್ರತಿ ರವಿವಾರ ಕೊಟ್ಟೀನಿ." ಹಾಗಾದರೆ ಮಲೇರಿಯಾ ಇರಲಿಕ್ಕಿಲ್ಲ, ವೈರಲ್ ಇರಬೇಕು ಅಂತ ಅವರು ಮನೆಗೆ ಕಳಿಸಿದರು. ಎರಡು ದಿನ ಹೋಯಿತು. ಮೂರನೆಯ ದಿನ ಫಿಟ್ಸ್ ಬಂದ ಮೇಲೆ ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಮಗು ಬದುಕಿತು. ಬಲಗಿವಿ ಕೇಳದಾಯಿತು.

ನನ್ನ ಫ್ಯಾಕ್ಟರಿಯ ಕೆಲಸವೇ ತಪಾಸಣೆ, ವಿಜಯಾ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ಪಾರ್ಟು ಪಕ್ಕಕ್ಕಿಡುವವಳು ನಾನು. ಆ ಎರಡು ದಿನವೂ ಹೋಗಿ ಅದೇ ಕೆಲಸ ಮಾಡಿದೆ, ಮೇಜಿನ ಮೇಲೇ ಫೋನ್ ಇತ್ತು.

ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದ ವಾರ, ನಿಮ್ಮ ಊಟದ ಮೇಜಿನ ಮುಂದೆ ಶ್ರೀಧರ ನಿನಗೆ ಅಂದ: "ನಾಲ್ಕು ಗುಳಿಗಿ ಜೋಪಾನ ಮಾಡಲಿಕ್ಕೆ ಆಗಲಿಲ್ಲ ನಿನಗ, ಮಗಳನ್ನೇನು ಮಾಡ್ತಿ?" ನೀನು ಎದ್ದು ಹೋದೆ. ನಾನು ಅಲ್ಲೇ ಕೂತಿದ್ದೆ. ಅನ್ನಕ್ಕೆ ಸಾರು ಹಾಕಿಕೊಂಡೆ.

ಆ ಮಾತನ್ನು ಅವನು ಅಲ್ಲಿಗೇ ಬಿಡಲಿಲ್ಲ. ಕಾರಿನ ಕೀಲಿ ಮರೆತರೆ, ಹಾಲು ಉಕ್ಕಿದರೆ, ಅದೇ. ಇಲ್ಲಿನ ಕನ್ನಡ ಕೂಟದ ಆಂಟಿಗಳೂ ಹಿಂದಿನಿಂದ ಆಡಿಕೊಂಡರು. ನೀನು ಒಲೆ ಆರಿದೆಯೋ ಇಲ್ಲವೋ ಅಂತ ಮೂರು ಮೂರು ಸಲ ನೋಡುವವಳಾದೆ. ಮೊದಲು ಹಾಗಿರಲಿಲ್ಲ ನೀನು. ಅನಘಾಳ ಕಿವಿಯ ಜೊತೆಗೆ ನಿನ್ನ ನೆಮ್ಮದಿಯನ್ನೂ ಕಳೆದವಳು ನಾನೇ.

ಈ ಕಥೆ ಕೇಳಿ ಯಾರಾದರೂ ನಮ್ಮ ಊರು ಹೊಲಸು ಅಂತ ಮೂಗು ಮುರಿದರೆ ಈಗಲೂ ನಾನು ಸುಮ್ಮನಿರುವುದಿಲ್ಲ. ಗಟಾರದಲ್ಲಿ ಪೈಪು ಹಾಕಿದವರು ನಳದ ಮುಂದೆ ಪಾಳಿ ನಿಂತ ಹೆಂಗಸರಲ್ಲ. ಆದರೆ ಆ ಹೆಂಗಸರ ಮಾನ ಕಾಪಾಡಿದೆ ಅಂತ ನಾನು ಒಳಗೊಳಗೇ ಬೀಗುತ್ತಿದ್ದೆನಲ್ಲ — ಅದನ್ನು ಈ ಸಲ ಊರಿಗೆ ಹೋದಾಗ ಕಾಕುವೇ ಮುರಿದಳು. ಹಾಸಿಗೆ ಹಿಡಿದಿದ್ದಾಳೆ. ಅವಳೊಬ್ಬಳಿಗೆ ಹೇಳಿದೆ. "ಯಾಕ ಸುಟ್ಟಿ? ನಮ್ಮ ಸುಮಾ ಒಳಗ ನಡಗಲಿಕ್ಕೆ ಹತ್ತಿದ್ದಳಲ್ಲ, ಇಂಥಾದ್ದೊಂದು ಗುಳಿಗಿ ಅದ ಅಂತ ನಮಗೂ ಹೇಳಬಾರದಿತ್ತೇನ?" ಅಂದಳು. ಸುಮಾ ಬದುಕಿದ್ದಾಳೆ, ಅವಳಿಗೆ ಏನೂ ಆಗಲಿಲ್ಲ. ಆದರೆ ಕಾಕುಗೆ ಬೇಕಾಗಿದ್ದದ್ದು ಮಾನವಲ್ಲ, ಔಷಧಿ. ಅದನ್ನು ಕೇಳುವ ಪುರಸೊತ್ತೂ ನನಗಿರಲಿಲ್ಲ.

ಕಳೆದ ವಾರ ಶ್ರೀಧರನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬೈಯಲಿಲ್ಲ. "ಯಾಕ ಕೆದರತಿ ಅಕ್ಕಾ, ಆಕಿ ಈಗ ಮರತಾಳ. ನೀ ಹೇಳಿದ್ರ ನಾನೂ ಆಕಿ ಮುಂದ ತಲಿ ತಗ್ಗಿಸಬೇಕಾಗ್ತದ," ಅಂದ. ತಗ್ಗಿಸು, ಅಂದೆ. ಫೋನ್ ಇಟ್ಟು ಈ ಕಾಗದ ಬರೆಯಲು ಕೂತೆ. ತಮ್ಮನ ತಲೆ ಉಳಿಸಲು ಇನ್ನೊಂದು ಒಂಬತ್ತು ವರ್ಷ ನಿನ್ನನ್ನು ಸುಡುವವಳಲ್ಲ ನಾನು.

ಶನಿವಾರ ಅನಘಾಳ ಹೈಸ್ಕೂಲ್ ಗ್ರಾಜುಯೇಷನ್ ಪಾರ್ಟಿ. ಅವಳ ದಿನ, ಅದನ್ನು ನಾನು ಮುಟ್ಟುವುದಿಲ್ಲ, ಬರುವುದೂ ಇಲ್ಲ. ಮರುದಿನ ಉಳಿದ ಅಡುಗೆ ಊಟಕ್ಕೆ ನಿನ್ನನ್ನು ಆಡಿಕೊಂಡ ಆ ಅಂಕಲ್ ಆಂಟಿಗಳೆಲ್ಲ ಮತ್ತೆ ಸೇರುತ್ತಾರಲ್ಲ, ಆಗ ಬರುತ್ತೇನೆ. ಅಷ್ಟರೊಳಗೆ ಅನಘಾಗೆ ನೀನೇ ಹೇಳಿದರೂ ಸರಿ, ನನ್ನ ಬಾಯಿಂದಲೇ ಕೇಳಲಿ ಅಂದರೂ ಸರಿ. ನನ್ನನ್ನು ಒಳಗೆ ಕರೆಯಲೇಬೇಕು ಅಂತಿಲ್ಲ. ಬಾಗಿಲು ತೆಗೆಯದಿದ್ದರೆ ಡ್ರೈವ್‌ವೇಯಲ್ಲಿ ನಿಂತು ಹೇಳುತ್ತೇನೆ, ಒಳಗಿರುವ ನಿನ್ನ ಗಂಡನಿಗೂ ಕೇಳಿಸುವ ಹಾಗೆ — ಸುಟ್ಟವಳು ನಾನು, ವಿಜಯಾ ಏನೂ ಕಳೆಯಲಿಲ್ಲ ಅಂತ.