ಒಗ್ಗರಣೆ ಹಾಕಬಾರದ ಔಷಧಿ

ಕಗ್ಗದಾಸಪುರದ ಮುನಿಆಂಜನಪ್ಪ ಹೆದರುವ ಆಸಾಮಿಯೇ ಅಲ್ಲ. ಊರು ಇನ್ನೂ ಊರಾಗಿದ್ದ ಕಾಲದಲ್ಲಿ ಹಾವನ್ನು ಬಾಲ ಹಿಡಿದು ಕೆರೆ ಏರಿಯಾಚೆ ಎಸೆದವರು. ಈಗ ರಾಗಿ ಹೊಲ ಇದ್ದ ಕಡೆ ಬಾಡಿಗೆ ಮನೆಗಳೆದ್ದಿವೆ, ಹಾವಿಗಿಂತ ಕಷ್ಟದ ಬಾಡಿಗೆದಾರರನ್ನೂ ನಿಭಾಯಿಸುತ್ತಾರೆ. ಆದರೆ ಪಕ್ಕದಲ್ಲಿ ಯಾರಾದರೂ ‘ವ್ಯಾಕ್’ ಅಂದರೆ ಮುಗಿಯಿತು, ಈ ಮಹಾನುಭಾವರು ಚಪ್ಪಲಿ ಬಿಟ್ಟು ಓಡುತ್ತಾರೆ. ವಾಂತಿ ಅನ್ನುವ ಮಾತನ್ನೂ ಬಾಯಲ್ಲಿ ಆಡುತ್ತಿರಲಿಲ್ಲ, ‘ಅದು’ ಅನ್ನುತ್ತಿದ್ದರು. ಬಸ್ಸಿನಲ್ಲಿ ಡ್ರೈವರ್ ಪಕ್ಕ, ಮದುವೆ ಊಟದಲ್ಲಿ ಬಾಗಿಲ ಪಕ್ಕ. ಎದುರಿನ ಪಂಕ್ತಿಯಲ್ಲಿ ಯಾರಿಗಾದರೂ ಬಿಕ್ಕಳಿಕೆ ಬಂತೋ, ಪಾಯಸ ಬರುವ ಮೊದಲೇ ಇವರು ಕೈ ತೊಳೆದಾಯಿತು. ಹೆಂಡತಿ ಆಂಜನಮ್ಮ ಬಸುರಿಯಾಗಿದ್ದಾಗ ತೋಟ ಕಾಯುವ ನೆಪದಲ್ಲಿ ತಿಂಗಳುಗಟ್ಟಲೆ ತೋಟದಲ್ಲೇ ಮಲಗಿದ್ದರಂತೆ. ತೋಟದಲ್ಲಿ ಆಗ ಕಾಯುವಂಥದ್ದು ಒಂದು ಸೊಪ್ಪೂ ಇರಲಿಲ್ಲ.

ಹಳೇ ಕತೆ ಅಂತ ನಕ್ಕು ಬಿಡಬಹುದಿತ್ತು. ಆದರೆ ಈಗ ಮಗಳು ಸುಕನ್ಯ ಬಸುರಿ. ಬಾಣಸವಾಡಿಯ ಗಂಡನ ಮನೆಯಿಂದ ಅಪ್ಪನನ್ನು ನೋಡಲೆಂದು ಬಂದವಳು ಮೊದಲ ತುತ್ತಿಗೇ ಎದ್ದು ವಾಶ್ ಬೇಸಿನ್ ಕಡೆ ಓಡಿದಳು. ಅಪ್ಪ ಬೀದಿ ಕಡೆ ಓಡಿದರು. ಬಾಯಿ ಒರೆಸಿಕೊಂಡು ಬಂದು ನೋಡಿದರೆ ಗೇಟು ಹಾರು ಹೊಡೆದಿದೆ, ಅಪ್ಪ ಪತ್ತೆಯಿಲ್ಲ. ಹಲಸೂರು ಕೆರೆಯ ಹತ್ತಿರ ಬರಿಗಾಲಲ್ಲಿ ಕೂತು ಗಾಳಿ ಕುಡಿದು ಸಂಜೆಗೆ ಅವರು ಮನೆ ಸೇರುವಷ್ಟರಲ್ಲಿ ಮಗಳು ಹೊರಟುಹೋಗಿದ್ದಳು.

“ಹೆರಿಗೆಗೆ ನಾನು ಅಲ್ಲಿಗೆ ಬರಲ್ಲಮ್ಮ,” ಅಂದಳು ಫೋನಿನಲ್ಲಿ. “ನನ್ನ ಕಂಡ್ರೆ ಅಪ್ಪಂಗೆ ಅಸಹ್ಯ.”

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಮುನಿಆಂಜನಪ್ಪನವರ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ‘ಅಸಹ್ಯ’ ಅನ್ನುವ ಮಾತಿಗೆ. ಅವರಿಗೆ ಇದ್ದದ್ದು ಹೆದರಿಕೆ, ಅಸಹ್ಯವಲ್ಲ. ಅದನ್ನು ಮಗಳಿಗೆ ಹೇಳೋಣವೆಂದರೆ ನಾಚಿಕೆ. ಕೊನೆಗೆ ಯಾರೋ ಹೇಳಿದರೆಂದು ಇಂದಿರಾನಗರದಲ್ಲಿ ಮನಸ್ಸಿನ ಭಯ ಬಿಡಿಸುವ ಡಾಕ್ಟರ್ ಮಿಸ್ಬಾ ಎದುರು ಹೋಗಿ ಕೂತರು.

“ಯಾವುದಕ್ಕೆ ಹೆದರ್ತೀರೋ ಅದರ ಹತ್ರಾನೇ ಹೋಗಬೇಕು ಅಂಕಲ್, ಸ್ವಲ್ಪ ಸ್ವಲ್ಪವಾಗಿ,” ಅಂದಳು ಆ ಹುಡುಗಿ. “ಮೊದಲು ಹೆಸರು ಹೇಳಿ.”

“ಮುನಿಆಂಜನಪ್ಪ.”

“ನಿಮ್ಮದಲ್ಲ ಅಂಕಲ್. ಅದರದು.”

ಬೆವರು ಒರೆಸಿಕೊಂಡು ಹೇಳಿದರು. ಮನೆಯಲ್ಲೂ ಹೇಳಬೇಕಂತೆ. ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ಳುತ್ತಾ “ವಾಂತಿ! ವಾಂತಿ!” ಎಂದು ಇವರು ಕೂಗಿದರೆ, ಮೇಲಿನ ಮನೆಯ ಬಾಡಿಗೆದಾರರು ಚೊಂಬಿನಲ್ಲಿ ಮಜ್ಜಿಗೆ ಹಿಡಿದುಕೊಂಡು ಇಳಿದು ಬಂದರು. ಆಮೇಲೆ ಮೊಬೈಲಿನಲ್ಲಿ ವಾಂತಿಯ ಸದ್ದು ಕೇಳುವ ಪಾಠ. ಪಾರ್ಕಿನಲ್ಲಿ ಅದನ್ನೇ ಜೋರಾಗಿ ಹಾಕಿಕೊಂಡು ನಡೆದರು. ವಾಕಿಂಗ್ ಗೆಳೆಯರೆಲ್ಲ ಎದುರು ದಿಕ್ಕಿಗೆ ತಿರುಗಿದರು.

ಇಲ್ಲಿಯವರೆಗೂ ಎಲ್ಲ ಸುಸೂತ್ರ. ಮುಂದಿನ ಪಾಠಕ್ಕೆ ನೋಡುವುದಕ್ಕೆ ಥೇಟ್ ಅದರಂತೆಯೇ ಇರುವ ಒಂದು ಗಂಜಿ ಬೇಕಿತ್ತು. ಓಟ್ಸ್, ಕಿವುಚಿದ ಬಾಳೆಹಣ್ಣು, ಮೊಸರನ್ನ, ಮೇಲೆ ಒಂದಿಷ್ಟು ಕ್ಯಾರೆಟ್ ಚೂರು. ಅದನ್ನು ತಟ್ಟೆಯಲ್ಲಿಟ್ಟು ಎದುರಿಗೆ ಕೂತಿರಬೇಕು. ಮಾಡುವ ಕೆಲಸ ಆಂಜನಮ್ಮನ ಪಾಲಿಗೆ ಬಂತು.

ಮುಂದಿನ ಸಲ ಮುನಿಆಂಜನಪ್ಪ ಎದೆ ಉಬ್ಬಿಸಿಕೊಂಡು ಹೋದರು. “ಭಯಾನೇ ಆಗ್ಲಿಲ್ಲ ಡಾಕ್ಟ್ರೇ. ಎರಡು ಸಲ ಹಾಕಿಸ್ಕೊಂಡೆ.”

“ತಿಂದ್ರಾ?”

“ಶುಂಠಿ, ಕರಿಬೇವು ಘಮಘಮ ಅಂತಿತ್ತು. ಹೆಂಗ್ ಬಿಡಾದು?”

ಡಾಕ್ಟರ್ ಆಗಿಂದಾಗಲೇ ಆಂಜನಮ್ಮನಿಗೆ ಫೋನು ಮಾಡಿದಳು. “ಆಂಟಿ, ದಯವಿಟ್ಟು ಒಗ್ಗರಣೆ ಹಾಕಬೇಡಿ.”

“ಒಗ್ಗರಣೆ ಇಲ್ದೆ ಯಾರ ಮುಂದೂ ತಟ್ಟೆ ಇಟ್ಟೋಳಲ್ಲ ನಾನು,” ಅಂತ ಆಂಜನಮ್ಮ ಜಗಳಕ್ಕೇ ನಿಂತಳು. “ನೋಡಿದವರು ಏನಂತಾರೆ?” ಮಗಳ ಹೆಸರೆತ್ತಿದ ಮೇಲೆ ಸೋತಳು. ಭಾನುವಾರ ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಗಂಜಿ ಮಾಡಿ ಊಟದ ಮೇಜಿನ ಮೇಲಿಟ್ಟಳು. ಮುನಿಆಂಜನಪ್ಪ ದೇವರ ಹೆಸರು ಹೇಳಿಕೊಂಡು ಸ್ನಾನಕ್ಕೆ ಹೋದರು.

ಅಷ್ಟರಲ್ಲಿ ಬೀಗಿತ್ತಿ ಲಕ್ಷ್ಮಿದೇವಮ್ಮ ಬಂದರು, ಸೊಸೆಯನ್ನು ಹೊರಡಿಸಿಕೊಂಡು. ಹೆರಿಗೆಯ ಮಾತು ಇವತ್ತೇ ಇತ್ಯರ್ಥವಾಗಬೇಕು ಅನ್ನುವುದು ಅವರ ಹಟ. ಆಂಜನಮ್ಮ ಗಾಬರಿಯಲ್ಲಿ ಕಾಫಿಗಿಡಲು ಒಳಗೋಡಿದಳು. ಸುಕನ್ಯ ಮುಖ ಊದಿಸಿಕೊಂಡು ಸೋಫಾದಲ್ಲಿ ಕೂತಳು. ಲಕ್ಷ್ಮಿದೇವಮ್ಮ ಮೇಜಿನ ಹತ್ತಿರ ಕೂತರೆ ಎದುರಿಗೇ ತಟ್ಟೆ, ಚಮಚ. ಬೀಗರ ಮನೆಯಲ್ಲಿ ಮುಂದಿಟ್ಟ ತಟ್ಟೆ ಮುಟ್ಟದಿದ್ದರೆ ಅವಮರ್ಯಾದೆ ಅಲ್ಲವೇ? ಪಾಪ, ಕಣ್ಣು ಮುಚ್ಚಿಕೊಂಡು ತಿನ್ನತೊಡಗಿದರು. ಮುನಿಆಂಜನಪ್ಪ ತಲೆ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಅರ್ಧ ತಟ್ಟೆ ಖಾಲಿ.

“ಬಲು ಚೆನ್ನಾಗೈತೆ ಬೀಗ್ರೇ,” ಅಂತ ಲಕ್ಷ್ಮಿದೇವಮ್ಮ ಮರ್ಯಾದೆಗೊಂದು ಸುಳ್ಳು ಹೇಳಿದರು. “ಏನಂತಾರೆ ಇದನ್ನ?”

ಹೆಸರಿಗೆ ಹೆದರದೆ ಹೇಳುವುದನ್ನು ಈಚೆಗಷ್ಟೇ ಕಲಿತಿದ್ದ ಮುನಿಆಂಜನಪ್ಪ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದರು: “ವಾಂತಿ.”

ಲಕ್ಷ್ಮಿದೇವಮ್ಮ ಚಮಚ ಬಿಟ್ಟು ವಾಶ್ ಬೇಸಿನ್‌ಗೆ ಹಾರಿದರು. ಕಾಫಿ ಬಿಟ್ಟು ಬಂದ ಆಂಜನಮ್ಮ ಅವರ ಬೆನ್ನು ಸವರುತ್ತಾ ಕ್ಷಮೆ ಕೇಳತೊಡಗಿದಳು. ಅತ್ತೆಯ ಸದ್ದು ಕೇಳಿ ಸೊಸೆಯ ಹೊಟ್ಟೆ ತೊಳಸಿತು. ಬೇಸಿನ್ ಖಾಲಿಯಿಲ್ಲ. ಸುಕನ್ಯ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಿಲ ನಲ್ಲಿಯ ಹತ್ತಿರ ಓಡಿ ಕುಕ್ಕರಿಸಿದಳು.

ಎರಡು ಕಡೆಯಿಂದಲೂ ಸದ್ದು. ಮುನಿಆಂಜನಪ್ಪನವರ ಕಾಲು ಅಭ್ಯಾಸಬಲದಿಂದ ಗೇಟಿನ ಕಡೆ ತಿರುಗಿತು. ಒಗ್ಗರಣೆ ಇಲ್ಲದ್ದು ಅಂದರೆ ಇದೇ. ನಡುಮನೆಯಲ್ಲಿ ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಹಿತ್ತಿಲಿಗೆ ನಡೆದರು, ಮಗಳ ಪಕ್ಕ ಕೂತು ಅವಳ ಹಣೆಯನ್ನು ಅಂಗೈಯಲ್ಲಿ ಹಿಡಿದುಕೊಂಡರು.

ಸುಕನ್ಯ ಅಮ್ಮ ಅಂದುಕೊಂಡಿದ್ದಳು. ಉಸಿರು ಬಂದಾಗ ತಿರುಗಿ ನೋಡಿ ದಂಗಾದಳು. “ಅಪ್ಪಾ, ನಿನ್ ಕೈ ನಡುಗ್ತಾ ಐತೆ.”

“ಹೂಂ.”

“ಭಯ ಆಗ್ತಾ ಐತಾ?”

“ಜೀವ ಹೋಗ್ತಾ ಐತೆ ಕಣಮ್ಮ.”

“ಹಂಗಾದ್ರೆ ಆಚೆ ಹೋಗಪ್ಪಾ.”

“ನಿಂದಿನ್ನೂ ಮುಗಿದಿಲ್ವಲ್ಲಮ್ಮ,” ಅಂದರು ಮುನಿಆಂಜನಪ್ಪ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದರು.