ಗೋಲಿ ಖಲಾಸ್

ಸಿಟ್ಟಿನಲ್ಲಿ ಬರೆಯಬಾರದೆಂದು ಕೆಲವು ದಿನ ಕಾದೆ. ಸಿಟ್ಟು ಇಳಿಯಲಿಲ್ಲ. ಆದ್ದರಿಂದ ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟು, ಕೇಳಿದ್ದನ್ನು ಕೇಳಿದಷ್ಟು ಹೇಳಲು ಪ್ರಯತ್ನಿಸುತ್ತೇನೆ. ನಡುವೆ ಎಲ್ಲಾದರೂ ಹಲ್ಲು ಕಡಿದ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಕರಾವಳಿಯ ಒಂದೇ ಕಾಲೇಜಿನಲ್ಲಿ ಓದಿ, ದುಬೈ, ಅಬುಧಾಬಿ, ಅಲ್ ಐನ್‌ಗಳಲ್ಲಿ ಚದುರಿ, ಹೊಟ್ಟೆ ಬೆಳೆಸಿಕೊಂಡ ಗಂಡಸರ ಗುಂಪು. ಕಾಲೇಜಿನ ಫುಟ್‌ಬಾಲ್ ತಂಡದ ಅಭಿಮಾನಿಗಳು ನಾವು. ಪಂದ್ಯಗಳನ್ನು ಈಗ ಊರಿನ ಯಾರಾದರೂ ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತಾರೆ. ನಾವು ಇಲ್ಲಿ ಕೆಫೆಟೇರಿಯಾದಲ್ಲಿ ಕರಕ್ ಚಹಾ ಕುಡಿಯುತ್ತ, ಅಲ್ಲಿ ಬೆವರು ಸುರಿಸುತ್ತಿರುವವರಿಗೆ ಓಡುವುದು ಹೇಗೆಂದು ಕಲಿಸುತ್ತೇವೆ. ನಮ್ಮಲ್ಲಿ ಬಹುಪಾಲು ಮಂದಿ ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಕೆಟ್ಟರೆ ಟ್ಯಾಕ್ಸಿ ಹಿಡಿಯುವವರು. ನಮ್ಮ ಕಾಲದ ತಂಡ ಈಗಿನ ತಂಡವನ್ನು ಎಷ್ಟು ಗೋಲುಗಳಿಂದ ಸೋಲಿಸುತ್ತಿತ್ತು ಎಂಬುದು ನಮ್ಮ ನಿತ್ಯದ ಚರ್ಚೆ. ನಾನೇನೂ ಕಡಿಮೆಯಿಲ್ಲ. ಎಂದೋ ಮುಗಿದ ಪಂದ್ಯವೊಂದರಲ್ಲಿ ನಮಗೆ ಸಿಗದ ಪೆನಾಲ್ಟಿಯ ಬಗ್ಗೆ ನಾನು ಬರೆಯುವ ಸಂದೇಶಗಳು ಎಷ್ಟು ಉದ್ದವೆಂದರೆ, ಅವನ್ನು ನನ್ನ ಪರ ವಾದಿಸುವವರೂ ಪೂರ್ತಿ ಓದಿದ್ದಿಲ್ಲ.

ಈ ಸಲದ ಲೀಗಿನ ಕೊನೆಯ ಪಂದ್ಯದಲ್ಲಿ ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಒಂದು ತಪ್ಪು ಮಾಡಿದ. ತನ್ನದೇ ತಂಡದವನು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಅವನು ಕೈಯಲ್ಲಿ ಎತ್ತಿಕೊಂಡ. ನಿಯಮದಂತೆ ಎದುರಾಳಿಗೆ ಫ್ರೀ ಕಿಕ್ ಸಿಕ್ಕಿತು, ಗೋಲಾಯಿತು. ಪಂದ್ಯ ಸೋತರೂ ಅಂಕಗಳ ಬಲದಿಂದ ಫೈನಲ್ ತಲುಪಿದೆವು ಎಂಬುದು ಗುಂಪಿನಲ್ಲಿ ಯಾರಿಗೂ ಮುಖ್ಯವಾಗಲಿಲ್ಲ. ಹುಡುಗನ ಹೆಸರು ನಿಶಾಂತ್, ಬಿಕಾಂ ಎರಡನೆಯ ವರ್ಷ. ಅವನ ತಾಯಿ ವಾರಿಜಾ ಕಾಲೇಜಿನಲ್ಲಿ ನನ್ನ ಸಹಪಾಠಿ. ಗುಂಪು ಗಂಡಸರದ್ದಾದ್ದರಿಂದ ಅವಳು ಅದರಲ್ಲಿಲ್ಲ. ಆ ಮಧ್ಯಾಹ್ನ ಅವಳ ಮಗನನ್ನು ಅಲ್ಲಿ ಏನೇನು ಕರೆದರೋ ಅದನ್ನು ಇಲ್ಲಿ ಬರೆಯಲಾರೆ.

ಗುಂಪಿನಲ್ಲೇ ನನಗಿಂತ ಕಿರಿಯನಾದ ಹಮೀದ್ ಬೈಯಲಿಲ್ಲ. ಅವನು ಬೈಯುವವನೇ ಅಲ್ಲ. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸೇಲ್ಸ್‌ಮನ್, ದುಬೈಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ಒಂದು ಕೋಣೆಯಲ್ಲಿ ಇತರರೊಂದಿಗೆ ವಾಸ. ಹೊಸದಾಗಿ ಬಂದವರಿಗೆ ಕೆಲಸ ಸಿಗುವವರೆಗೆ ತನ್ನ ಹಾಸಿಗೆ ಬಿಟ್ಟುಕೊಟ್ಟವನು. ಅವನು ನಗುತ್ತಲೇ ಒಂದು ವಾಯ್ಸ್ ಮೆಸೇಜ್ ಹಾಕಿದ: "ಆ ಗೋಲಿಯನ್ನು ಖಲಾಸ್ ಮಾಡ್ಬೇಕು ಮಾರಾಯ್ರೆ. ನಾನು ಬರುವ ವಾರ ಊರಿಗೆ ಬರ್ತೇನಲ್ಲ, ಬಂದ ಕೂಡ್ಲೆ ಅದೇ ಕೆಲಸ."

ಈ ದೇಶದಲ್ಲಿ ಖಲಾಸ್ ಎಂಬ ಮಾತಿಲ್ಲದೆ ಒಂದು ದಿನ ಕಳೆಯುವುದಿಲ್ಲ. ಚಹಾ ಮುಗಿಯಿತು, ಖಲಾಸ್. ಮೀಟಿಂಗ್ ಮುಗಿಯಿತು, ಖಲಾಸ್. ಅರಬಿಯ ಈ ಮಾತಿನ ಬುಡದಲ್ಲಿರುವುದು ಬಿಡುಗಡೆ ಎಂಬ ಅರ್ಥ. ನಮ್ಮ ನ್ಯಾಯಾಲಯಗಳಲ್ಲಿ ಆರೋಪಿ ಖುಲಾಸೆಯಾಗುತ್ತಾನಲ್ಲ, ಅದೂ ಇದೇ ಮನೆತನದ್ದು. ಆದರೆ ಅದೇ ಮನೆತನದ ಇನ್ನೊಂದು ಕೂಸು ಹಡಗು ಹತ್ತಿ ನಮ್ಮ ಕರಾವಳಿಗೆ ಬಂದಿಳಿಯುವ ಹೊತ್ತಿಗೆ ಅದರ ಕೈಗೆ ಕತ್ತಿ ಬಂದಿತ್ತು. ಊರಿನಲ್ಲಿ ಒಬ್ಬನನ್ನು ಖಲಾಸ್ ಮಾಡುವುದೆಂದರೆ ಕೊಲ್ಲುವುದು. ಅದರಲ್ಲೂ ಹೇಳಿದವನ ಹೆಸರನ್ನೂ ಹೇಳಿಸಿಕೊಂಡವನ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿ ಮಾತಿನ ಅರ್ಥ ತೀರ್ಮಾನಿಸುವ ಊರು ನಮ್ಮದಾಗಿದೆ. ಇಷ್ಟು ವರ್ಷ ಇಲ್ಲಿದ್ದು ಹಮೀದನಿಗೆ ಅದು ಮರೆತೇಹೋಗಿತ್ತು.

ನಮ್ಮಲ್ಲೇ ಯಾರೋ ಆ ಧ್ವನಿಯನ್ನು ಊರಿಗೆ ಫಾರ್ವರ್ಡ್ ಮಾಡಿದರು. ಯಾರೆಂದು ಈಗಲೂ ಗೊತ್ತಿಲ್ಲ. ಮರುದಿನ ವಾರಿಜಾ ನನಗೆ ಫೋನ್ ಮಾಡಿದಳು. ವಾಟ್ಸಾಪಿನ ಕರೆ ಇಲ್ಲಿಗೆ ಸರಿಯಾಗಿ ತಲುಪುವುದಿಲ್ಲವಾದ್ದರಿಂದ ಊರಿನವರು ಸಾಮಾನ್ಯವಾಗಿ ಸಂದೇಶ ಹಾಕಿ ಕಾಯುತ್ತಾರೆ, ದುಬಾರಿಯ ನೇರ ಕರೆಯನ್ನೇ ಮಾಡಿದ ಅವಳು ಕಾಯಲಿಲ್ಲ. ಅಳಲೂ ಇಲ್ಲ. ಯಾರು ಈ ಹಮೀದ್, ಯಾವ ದಿನ ಬರುತ್ತಾನೆ, ಒಬ್ಬನೇ ಬರುತ್ತಾನೆಯೇ ಎಂದು ಒಂದೊಂದಾಗಿ ಕೇಳಿದಳು. ನಿಶಾಂತ್ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅಭ್ಯಾಸಕ್ಕೂ ಇಲ್ಲ, ತರಗತಿಗೂ ಇಲ್ಲ. ಫೈನಲ್ ಆಡುವುದಿಲ್ಲವೆಂದು ಕೋಚಿಗೆ ಹೇಳಿ ಕಳಿಸಿದ್ದ.

ವಿಷಯವನ್ನು ಗುಂಪಿಗೆ ಬರೆದೆ. ಕ್ಷಮೆ ಬರುತ್ತದೆಂದು ಕಾದೆ. ನನ್ನ ಕಣ್ಣೆದುರೇ ಒಂದೊಂದಾಗಿ ಸಂದೇಶಗಳು ಮಾಯವಾಗತೊಡಗಿದವು. 'ಈ ಸಂದೇಶವನ್ನು ಅಳಿಸಲಾಗಿದೆ', ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ನಿನ್ನೆ ಸಿಂಹಗಳಾಗಿದ್ದವರಿಗೆಲ್ಲ ಇದ್ದಕ್ಕಿದ್ದಂತೆ, ಬೈಗುಳದ ಸಂದೇಶಕ್ಕೂ ಕೇಸು ಬೀಳುವ ಈ ದೇಶದಲ್ಲಿ ತಮ್ಮ ವೀಸಾ ನೆನಪಾಗಿತ್ತು. ಹುಡುಗ ಹೇಗಿದ್ದಾನೆ ಎಂದು ಒಬ್ಬನೂ ಕೇಳಲಿಲ್ಲ. ಒಬ್ಬ ಮಾತ್ರ, ಅವನು ಬರದಿದ್ದರೆ ಬದಲಿ ಗೋಲಿ ಯಾರು ಎಂದು ಕೇಳಿದ. ನನ್ನ ಸಿಟ್ಟು ಇರುವುದು ಇಲ್ಲಿ. ಬೈದದ್ದನ್ನಾದರೂ ಬಿಸಿರಕ್ತ ಎನ್ನಬಹುದಿತ್ತು. ಅಳಿಸಿದ್ದು ಲೆಕ್ಕಾಚಾರದ ಕೆಲಸ.

ಹಮೀದ್ ಅಳಿಸಲಿಲ್ಲ. ಬಸ್ಸು ಹಿಡಿದು ಅಲ್ ನಹ್ದಾದ ನನ್ನ ಮನೆಗೆ ಬಂದ. ವಾರಿಜಾಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಅಕ್ಕ, ಇಲ್ಲಿ ಖಲಾಸ್ ಅಂದ್ರೆ ಮುಗೀತು ಅಂತ ಅಷ್ಟೇ," ಎಂದ ಅವನು. "ಅವನನ್ನು ತೆಗೆದು ಬೇರೆಯವನನ್ನು ನಿಲ್ಲಿಸ್ಲಿಕ್ಕೆ ಕೋಚಿಗೆ ಹೇಳ್ಬೇಕು ಅಂತ ನಾನು ಹೇಳಿದ್ದು. ಅಲ್ಲಾನಾಣೆ, ಬೇರೆ ಎಂತದೂ ಇಲ್ಲ."

ನಾನು ಅರ್ಥಗಳ ವ್ಯತ್ಯಾಸವನ್ನು ವಿವರಿಸಲು ಬಾಯಿ ತೆರೆದೆ. ಖುಲಾಸೆಯವರೆಗೆ ಹೋಗುವ ಉತ್ಸಾಹವೂ ಇತ್ತು. ಅಷ್ಟರಲ್ಲಿ ಅವಳು ಮಾತನಾಡಿದಳು.

"ನೀವು ಕೊಲ್ಲುವವರಲ್ಲ ಅಂತ ಗೊತ್ತಾಯ್ತು ಹಮೀದ್. ಆದ್ರೆ ಅವನನ್ನು ತೆಗೀಬೇಕು ಅಂತ ಹೇಳ್ಲಿಕ್ಕೆ ನೀವು ಯಾರು?"

ನಿರಪರಾಧಿ ಅರ್ಥವನ್ನು ಅಷ್ಟು ಜೋಪಾನವಾಗಿ ಅವಳ ಮುಂದೆ ತಂದು ಇಟ್ಟಿದ್ದೆವು. ಅದನ್ನೂ ಅವಳು ಖುಲಾಸೆ ಮಾಡಲಿಲ್ಲ.

ಅವಳೂ ಸ್ಪೀಕರ್ ಹಾಕಿದ್ದರಿಂದ ಹಮೀದ್ ಹೇಳಿದ್ದನ್ನು ಮಗ ಒಳಗಿನಿಂದ ಕೇಳಿಸಿಕೊಂಡಿದ್ದನಂತೆ. ಸಂಜೆ ಅವಳೇ ಮತ್ತೆ ಫೋನ್ ಮಾಡಿದಳು. "ಆಡ್ತಾನಂತೆ. ಆದ್ರೆ ನೀವು ಯಾರೂ ನೋಡ್ಬಾರ್ದಂತೆ."

ಈ ಷರತ್ತನ್ನು ಗುಂಪಿಗೆ ಬರೆದಾಗ, ಸತ್ತಂತಿದ್ದವರೆಲ್ಲ ಎದ್ದು ಕುಳಿತರು. ನೋಡದಿದ್ದರೆ ಅಭಿಮಾನಿಗಳು ಇರುವುದಾದರೂ ಯಾಕೆ ಎಂದು ಒಬ್ಬ ಕೇಳಿದ. ಕಳ್ಳತನದಲ್ಲಿ ನೋಡಿದರೆ ಅವನಿಗೆ ಹೇಗೆ ಗೊತ್ತಾಗುತ್ತದೆ ಎಂದು ಇನ್ನೊಬ್ಬ. ನನ್ನ ಜೀವಮಾನದ ಅತ್ಯಂತ ಚಿಕ್ಕ ಸಂದೇಶ ಬರೆದೆ: "ನೋಡಬೇಡಿ." ಎಷ್ಟು ಮಂದಿ ಪಾಲಿಸಿದರೋ ನಾನು ಹೇಳಲಾರೆ. ಕಂಡದ್ದನ್ನಷ್ಟೇ ಹೇಳುತ್ತೇನೆ ಎಂದಿದ್ದೇನೆ.

ಫೈನಲ್ ದಿನ ಹಮೀದ್ ಇಲ್ಲಿಯೇ ಇದ್ದ. ಊರಿಗೆ ಹೋಗುವುದನ್ನು ಮುಂದೂಡಿದ್ದ. ನಾವಿಬ್ಬರೂ ಫೋನುಗಳನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಹತ್ತಿರದ ಕೆರೆ ಪಾರ್ಕಿನ ಸುತ್ತ ನಡೆಯಲು ಹೋದೆವು. ಬಿಸಿಲಿನ್ನೂ ಇಳಿದಿರಲಿಲ್ಲ. ಅವನ ಕೈ ಖಾಲಿ ಜೇಬಿಗೆ ಹೋಗಿ ಹೋಗಿ ಬರುತ್ತಿತ್ತು, ನನ್ನದೂ.

"ಈಗ ಹಾಫ್ ಟೈಮ್ ಆಗಿರ್ಬಹುದಾ?" ಎಂದ.

"ಆಗಿರಬಹುದು," ಎಂದೆ.

ಒಂದು ತಂಡವನ್ನು ಇಷ್ಟು ವರ್ಷ ಪ್ರೀತಿಸಿ, ಅದಕ್ಕಾಗಿ ನಾವು ಮಾಡಿದ ಮೊದಲ ಕೆಲಸ ಅದು: ಸುಮ್ಮನಿರುವುದು. ಅದಕ್ಕೂ ಬೆವರು ಬೇಕೆಂದು ಗೊತ್ತಿರಲಿಲ್ಲ. ಊರಿನ ಮೈದಾನದಲ್ಲಿ ಆಗ ಒಬ್ಬ ಹುಡುಗ ಚೆಂಡನ್ನು ಹಿಡಿಯುತ್ತಲೋ ಬಿಡುತ್ತಲೋ ಇದ್ದ. ಹಿಡಿದರೆ ಅವನದು. ಬಿಟ್ಟರೂ ಅವನದೇ.